ಅಂಕ ಒಬ್ಬನದು, ಗೆಲುವು ಯಾರದು?

ಪ್ರೊ ಕಬಡ್ಡಿ ಲೀಗ್‌ನ ಹತ್ತನೇ ಆವೃತ್ತಿಯ ಆಟಗಾರರ ಹರಾಜು ನಡೆದದ್ದು ಮುಂಬಯಿಯಲ್ಲಿ, 2023ರ ಅಕ್ಟೋಬರ್‌ನಲ್ಲಿ. ಅಂದು ಎಲ್ಲರಿಗಿಂತ ಹೆಚ್ಚಿನ ಬೆಲೆಗೆ ಹೋದವರು ಇಬ್ಬರು. ರೈಡರ್ ಪವನ್ ಸೆಹ್ರಾವತ್‌ಗೆ ತೆಲುಗು ಟೈಟಾನ್ಸ್ 2.605 ಕೋಟಿ ರೂಪಾಯಿ ಕೊಟ್ಟಿತು. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು. ಆವೃತ್ತಿ ಮುಗಿದಾಗ ಪವನ್ ಹೆಸರಿನಲ್ಲಿ 202 ರೈಡ್ ಅಂಕಗಳಿದ್ದವು. ಯಾವ ರೈಡರ್‌ಗೂ ಅದು ಹೆಮ್ಮೆಯ ಲೆಕ್ಕ. ಆದರೆ ಟೈಟಾನ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ತಂಡಕ್ಕೆ ಸಿಕ್ಕಿದ್ದು ಕೊನೆಯ ಸ್ಥಾನ. ಅತ್ತ ಪುಣೇರಿ ಪಲ್ಟನ್ ಲೀಗ್ ಹಂತದಲ್ಲಿ 17 ಪಂದ್ಯ ಗೆದ್ದು, 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಮಣಿಸಿ ಚಾಂಪಿಯನ್ ಆಯಿತು.

ಒಬ್ಬ ಆಟಗಾರನ ಅಂಕಿಅಂಶ ಅವನು ತಂಡದ ಗೆಲುವಿಗೆ ಕೊಟ್ಟದ್ದನ್ನು ನಿಜವಾಗಿ ಹೇಳುತ್ತದೆಯೇ? ಅಮೆರಿಕದ ಬ್ಯಾಸ್ಕೆಟ್‌ಬಾಲ್ ವಲಯದಲ್ಲಿ ಹಲವು ದಶಕಗಳಿಂದ ಈ ಪ್ರಶ್ನೆಯ ಮೇಲೆ ಚರ್ಚೆ ನಡೆದಿದೆ, ಗ್ರಂಥಗಳು ಬಂದಿವೆ, ತಂಡಗಳು ಗಣಿತಜ್ಞರನ್ನೇ ನೇಮಿಸಿಕೊಂಡಿವೆ. ನಮ್ಮಲ್ಲಿ ಚರ್ಚೆ ಇನ್ನೂ ಬಾಯಿಮಾತಿನ ಹಂತದಲ್ಲಿದೆ. ಮುಂಬಯಿ ಕಡೆಯ ದಹಿಸರ್, ಬೊರಿವಲಿ, ಮೀರಾ ರೋಡ್ ಭಾಗದ ತುಳು-ಕನ್ನಡಿಗರ ಮನೆಗಳಲ್ಲಿ ಕಬಡ್ಡಿ ನೋಡುವವರಿಗೆ ಬರವಿಲ್ಲ. ಒಂದೇ ಮನೆಯಲ್ಲಿ ಬೆಂಗಳೂರು ಬುಲ್ಸ್‌ನ ಅಭಿಮಾನಿ ತಂದೆ, ಯು ಮುಂಬಾದ ಅಭಿಮಾನಿ ಮಗ ಇರುತ್ತಾರೆ. ಪಂದ್ಯ ಮುಗಿದ ಮೇಲೆ ಮಾತು ಮಾತ್ರ ಒಂದೇ: ಯಾರು ಎಷ್ಟು ಅಂಕ ತಂದರು? ಆ ಮಾತು ಎಲ್ಲಿಯವರೆಗೆ ಸರಿ, ಎಲ್ಲಿಂದಾಚೆ ದಾರಿ ತಪ್ಪಿಸುತ್ತದೆ ಎಂಬುದನ್ನು ಬ್ಯಾಸ್ಕೆಟ್‌ಬಾಲ್, ಕಬಡ್ಡಿ, ಕ್ರಿಕೆಟ್ ಮೂರನ್ನೂ ಎದುರಿಗಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಚೇಂಬರ್ಲಿನ್ ಮತ್ತು ರಸೆಲ್

ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಚರ್ಚೆಯ ಮೊದಲ ಅಧ್ಯಾಯಕ್ಕೆ ಇಬ್ಬರ ಹೆಸರು. 1961-62ರ ಋತುವಿನಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್‌ನ ವಿಲ್ಟ್ ಚೇಂಬರ್ಲಿನ್ ಪಂದ್ಯವೊಂದಕ್ಕೆ ಸರಾಸರಿ 50.4 ಅಂಕ ಗಳಿಸಿದರು. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ತಂದರು. ಎರಡೂ ದಾಖಲೆಗಳು ಇಂದಿಗೂ ಮುರಿದಿಲ್ಲ. ಅದೇ ಋತುವಿನಲ್ಲಿ ಬೋಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಅವರ ಸರಾಸರಿ 20 ಅಂಕವನ್ನೂ ಮುಟ್ಟಲಿಲ್ಲ. ಆದರೂ ಋತುವಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ರಸೆಲ್‌ಗೆ ಬಂತು. ಆಗ ಮತ ಹಾಕುತ್ತಿದ್ದವರು ಆಟಗಾರರೇ. ಅಂಗಳದಲ್ಲಿ ಎದುರಾಳಿಯಾಗಿ ನಿಂತವರ ಅನುಭವ ಅಂಕಪಟ್ಟಿಗಿಂತ ಬೇರೆಯದನ್ನು ಹೇಳಿತು. ಪ್ಲೇ-ಆಫ್‌ನಲ್ಲಿ ಎರಡೂ ತಂಡಗಳು ಎದುರಾದಾಗ ಸರಣಿ ಏಳನೇ ಪಂದ್ಯದವರೆಗೆ ಹೋಯಿತು, ಸೆಲ್ಟಿಕ್ಸ್ 109-107ರಿಂದ ಗೆದ್ದಿತು. 13 ಋತುಗಳ ಆಟದಲ್ಲಿ ರಸೆಲ್ ಗೆದ್ದ ಪ್ರಶಸ್ತಿಗಳು 11.

ಅಂಕಿಅಂಶಕ್ಕೆ ರಸೆಲ್ ಏಕೆ ಸಿಗಲಿಲ್ಲ? ಅವರ ದೊಡ್ಡ ಶಕ್ತಿ ಎದುರಾಳಿಯ ಎಸೆತವನ್ನು ತಡೆಯುವುದು. ತಡೆದ ಎಸೆತಗಳನ್ನು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು 1973-74ರಲ್ಲಿ. ರಸೆಲ್ ಆಟ ಬಿಟ್ಟದ್ದು 1969ರಲ್ಲಿ. ಅವರ ಬದುಕಿನ ಮುಖ್ಯ ಕೆಲಸ ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಂ ಆಗಿಯೂ ಇರಲಿಲ್ಲ. ಎಣಿಸದ ಕೆಲಸ ಆಗಲೇ ಇಲ್ಲ ಎಂದು ಮುಂದಿನ ತಲೆಮಾರು ಭಾವಿಸುವ ಅಪಾಯ ಇಲ್ಲಿಂದಲೇ ಶುರುವಾಗುತ್ತದೆ.

ಚೇಂಬರ್ಲಿನ್ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. 1966-67ರಲ್ಲಿ ಫಿಲಡೆಲ್ಫಿಯಾ 76ಅರ್ಸ್ ಪರ ಆಡುವಾಗ ಅವರು ತಾವೇ ಎಸೆಯುವುದನ್ನು ಕಡಿಮೆ ಮಾಡಿ ಚೆಂಡನ್ನು ಜೊತೆಗಾರರಿಗೆ ಒದಗಿಸತೊಡಗಿದರು. ಸರಾಸರಿ 24.1ಕ್ಕೆ ಇಳಿಯಿತು. ತಂಡ 68 ಪಂದ್ಯ ಗೆದ್ದು 13 ಮಾತ್ರ ಸೋತು ಪ್ರಶಸ್ತಿ ಎತ್ತಿತು. ಅಂಕ ಅರ್ಧಕ್ಕಿಳಿದ ವರ್ಷವೇ ಆ ಮನುಷ್ಯ ಮೊದಲ ಬಾರಿಗೆ ಚಾಂಪಿಯನ್ ಆದರು.

ಬ್ಯಾಸ್ಕೆಟ್‌ಬಾಲ್ ಕಂಡುಕೊಂಡ ಅಳತೆಗೋಲುಗಳು

ಆ ಆಟದ ಅಭ್ಯಾಸಿಗಳು ಕಳೆದ ಕೆಲವು ದಶಕಗಳಲ್ಲಿ ಮೂರು ಹೆಜ್ಜೆ ಮುಂದೆ ಬಂದಿದ್ದಾರೆ.

ಮೊದಲ ಹೆಜ್ಜೆ, ಮೊತ್ತವನ್ನು ಬಿಟ್ಟು ದರವನ್ನು ನೋಡುವುದು. ಡೀನ್ ಆಲಿವರ್ 2004ರಲ್ಲಿ ಪ್ರಕಟಿಸಿದ ‘ಬ್ಯಾಸ್ಕೆಟ್‌ಬಾಲ್ ಆನ್ ಪೇಪರ್’ ಗ್ರಂಥ ಚೆಂಡು ಕೈಗೆ ಬಂದ ಒಂದೊಂದು ಅವಕಾಶಕ್ಕೆ ಎಷ್ಟು ಅಂಕ ಹುಟ್ಟಿತು ಎಂಬುದನ್ನು ಮುಖ್ಯ ಮಾಡಿತು. ಗೆಲುವಿಗೆ ಅವರು ಕೊಟ್ಟ ನಾಲ್ಕು ಕಾರಣಗಳು ಇಂದು ಪಾಠದಂತಿವೆ: ಗುರಿಯ ನಿಖರತೆ, ಚೆಂಡನ್ನು ಕಳೆದುಕೊಳ್ಳದಿರುವುದು, ಮರುಚೆಂಡು ಹಿಡಿಯುವುದು, ಫ್ರೀ ಥ್ರೋ ಗಿಟ್ಟಿಸುವುದು. ಮೊದಲನೆಯದಕ್ಕೆ ಶೇ. 40 ತೂಕ, ಎರಡನೆಯದಕ್ಕೆ ಶೇ. 25. ಚೆಂಡು ಕಳೆದುಕೊಳ್ಳುವುದಕ್ಕೆ ಇಷ್ಟು ತೂಕ ಕೊಟ್ಟದ್ದೇ ದೊಡ್ಡ ಮಾತು. 30 ಅಂಕ ತಂದವನು ಅದಕ್ಕಾಗಿ ತಂಡದ ಎಷ್ಟು ಅವಕಾಶಗಳನ್ನು ಖರ್ಚು ಮಾಡಿದ ಎಂದು ಕೇಳುವುದು ಅಲ್ಲಿಂದ ರೂಢಿಯಾಯಿತು.

ಎರಡನೆಯ ಹೆಜ್ಜೆ, ಆಟಗಾರ ಅಂಗಳದಲ್ಲಿದ್ದಾಗ ತಂಡಕ್ಕೆ ಏನಾಯಿತು ಎಂದು ನೋಡುವುದು. ಇದಕ್ಕೆ ಪ್ಲಸ್-ಮೈನಸ್ ಎನ್ನುತ್ತಾರೆ; ಐಸ್ ಹಾಕಿಯಿಂದ ಬಂದ ಲೆಕ್ಕ. ಒಬ್ಬ ಆಡಿದ 30 ನಿಮಿಷಗಳಲ್ಲಿ ಅವನ ತಂಡ 70 ಅಂಕ ಗಳಿಸಿ ಎದುರಾಳಿಗೆ 60 ಬಿಟ್ಟುಕೊಟ್ಟರೆ ಅವನಿಗೆ ಪ್ಲಸ್ 10. ಅವನೇ ಒಂದು ಅಂಕವನ್ನೂ ಗಳಿಸದಿದ್ದರೂ ಸರಿ. ಈ ನೋಟದಿಂದ ಬೆಳಕಿಗೆ ಬಂದವರಲ್ಲಿ ಹ್ಯೂಸ್ಟನ್ ರಾಕೆಟ್ಸ್‌ನ ಶೇನ್ ಬ್ಯಾಟಿಯರ್ ಪ್ರಸಿದ್ಧರು. 2009ರಲ್ಲಿ ಲೇಖಕ ಮೈಕಲ್ ಲೂಯಿಸ್ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ನಲ್ಲಿ ಅವರ ಬಗ್ಗೆ ದೀರ್ಘ ಲೇಖನ ಬರೆದರು. ಬ್ಯಾಟಿಯರ್ ಅಂಕಪಟ್ಟಿಯಲ್ಲಿ ಸಾಧಾರಣ ಆಟಗಾರ. ಆದರೆ ಎದುರಾಳಿಯ ದೊಡ್ಡ ಆಟಗಾರನನ್ನು ಅವನಿಗೆ ಒಗ್ಗದ ಜಾಗಕ್ಕೆ ತಳ್ಳಿ, ಕಣ್ಣೆದುರು ಕೈ ಅಡ್ಡ ಹಿಡಿದು ಕಷ್ಟದ ಎಸೆತಕ್ಕೆ ದೂಡುವುದರಲ್ಲಿ ನಿಪುಣ. ಅವರು ಆಡುತ್ತಿದ್ದಾಗ ಜೊತೆಗಾರರ ಆಟ ಉತ್ತಮವಾಗುತ್ತಿತ್ತು, ಎದುರಾಳಿಗಳದು ಕುಸಿಯುತ್ತಿತ್ತು.

ಈ ಅಳತೆಗೂ ದೋಷವಿದೆ. ಬಲಿಷ್ಠರ ನಡುವೆ ನಿಂತ ದುರ್ಬಲನಿಗೂ ಪ್ಲಸ್ ಬರುತ್ತದೆ. ದುರ್ಬಲರ ನಡುವೆ ಒದ್ದಾಡುವ ಸಮರ್ಥನಿಗೆ ಮೈನಸ್. ಹೀಗಾಗಿ ಮೂರನೆಯ ಹೆಜ್ಜೆ: ಜೊತೆಗಿದ್ದ ನಾಲ್ವರು ಯಾರು, ಎದುರಿಗಿದ್ದ ಐವರು ಯಾರು ಎಂಬುದನ್ನೆಲ್ಲ ಸಂಖ್ಯಾಶಾಸ್ತ್ರದಿಂದ ಸರಿದೂಗಿಸಿ ಒಬ್ಬನ ಪಾಲನ್ನು ಬೇರ್ಪಡಿಸುವುದು. ಡಲ್ಲಾಸ್ ಮ್ಯಾವರಿಕ್ಸ್‌ಗಾಗಿ ವೇನ್ ವಿನ್‌ಸ್ಟನ್ ಮತ್ತು ಜೆಫ್ ಸಗರಿನ್ ಮಾಡಿದ ಕೆಲಸ, 2004ರಲ್ಲಿ ಡ್ಯಾನ್ ರೋಸನ್‌ಬಾಮ್ ಪ್ರಕಟಿಸಿದ ವಿಧಾನ ಈ ಸಾಲಿನವು. ಇಂದು ಇದೇ ಹೆಚ್ಚು ನಂಬಿಕೆಗೆ ಅರ್ಹವಾದ ದಾರಿ. ಆದರೆ ಇದು ರಾಶಿ ರಾಶಿ ಮಾಹಿತಿ ಬೇಡುತ್ತದೆ. ಹತ್ತು ಪಂದ್ಯಗಳಿಂದ ತೀರ್ಪು ಕೊಟ್ಟರೆ ಅದೃಷ್ಟವನ್ನೇ ಸಾಮರ್ಥ್ಯ ಎಂದು ಕರೆದಂತಾಗುತ್ತದೆ.

ಕಾರಣ ಯಾವುದು, ಪರಿಣಾಮ ಯಾವುದು ಎಂಬ ಗೊಂದಲಕ್ಕೆ ರಸೆಲ್ ವೆಸ್ಟ್‌ಬ್ರೂಕ್ ಅವರ 2016-17ರ ಋತು ಒಳ್ಳೆಯ ನಿದರ್ಶನ. ಒಕ್ಲಹಾಮಾ ಸಿಟಿ ಥಂಡರ್ ಪರ ಅವರ ಸರಾಸರಿ 31.6 ಅಂಕ, 10.7 ರೀಬೌಂಡ್ (ಹಿಡಿದ ಮರುಚೆಂಡು), 10.4 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ಒದಗಿಸಿದ ಚೆಂಡು). ಒಂದೇ ಋತುವಿನಲ್ಲಿ 42 ಟ್ರಿಪಲ್-ಡಬಲ್, ಅಂದರೆ ಮೂರು ಲೆಕ್ಕಗಳೂ ಎರಡಂಕಿ ಮುಟ್ಟಿದ 42 ಪಂದ್ಯ. ಟ್ರಿಪಲ್-ಡಬಲ್ ಬಂದ ಪಂದ್ಯಗಳಲ್ಲಿ ತಂಡ 33 ಗೆದ್ದು 9 ಸೋತಿತು. ಬಾರದ ಪಂದ್ಯಗಳಲ್ಲಿ 14 ಗೆದ್ದು 26 ಸೋತಿತು. ಇದಕ್ಕಿಂತ ಸಾಕ್ಷಿ ಬೇಕೆ ಎಂದು ಅಭಿಮಾನಿಗಳು ಕೇಳಿದರು. ಪ್ರಶ್ನೆ ಅಷ್ಟು ಸುಲಭವಿರಲಿಲ್ಲ. ಜೊತೆಗಾರರು ಗುರಿ ತಪ್ಪದೆ ಎಸೆದ ದಿನ ಅಸಿಸ್ಟ್ ತಾನಾಗಿ ಏರುತ್ತದೆ. ಎದುರಾಳಿ ಗುರಿ ತಪ್ಪಿದ ದಿನ ರೀಬೌಂಡ್ ಏರುತ್ತದೆ. ತಂಡ ಚೆನ್ನಾಗಿ ಆಡಿದ ದಿನವೇ ಒಬ್ಬನ ಅಂಕಿಗಳೂ ಚೆನ್ನಾಗಿ ಕಾಣುತ್ತವೆ. ಜೊತೆಗೆ, ಎತ್ತರದ ಆಟಗಾರರು ಎದುರಾಳಿಗಳನ್ನು ಮೈಯೊಡ್ಡಿ ತಡೆದು ನಿಲ್ಲಿಸಿದ್ದರಿಂದ ಎಷ್ಟೋ ಚೆಂಡುಗಳು ವೆಸ್ಟ್‌ಬ್ರೂಕ್ ಕೈಸೇರಿದವು. ಚೆಂಡು ಹಿಡಿದವನಿಗೆ ರೀಬೌಂಡ್. ದಾರಿ ಮಾಡಿದವನಿಗೆ ಏನೂ ಇಲ್ಲ. ಥಂಡರ್ ಆ ವರ್ಷ ಪ್ಲೇ-ಆಫ್‌ನ ಮೊದಲ ಸುತ್ತಿನಲ್ಲೇ 4-1ರಿಂದ ಹೊರಬಿತ್ತು.

ಕಬಡ್ಡಿ ಲೆಕ್ಕದ ಒಳಸುಳಿ

ಈಗ ನಮ್ಮ ಆಟಕ್ಕೆ ಬರೋಣ. ವರ್ಲಿಯ ಎನ್‌ಎಸ್‌ಸಿಐ ಡೋಮ್ ದಹಿಸರ್‌ನಿಂದ ಲೋಕಲ್ ರೈಲಿನ ಸುಮಾರು ಒಂದು ಗಂಟೆಯ ದಾರಿ. 2019ರಲ್ಲಿ ಅಲ್ಲಿ ಎರಡು ದೊಡ್ಡ ಘಟನೆಗಳು ನಡೆದವು. ಅಕ್ಟೋಬರ್ 4 ಮತ್ತು 5ರಂದು ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಭಾರತದ ಮೊದಲ ಎನ್‌ಬಿಎ ಪಂದ್ಯಗಳನ್ನು ಆಡಿದವು. ಅದಕ್ಕೂ ಒಂಬತ್ತು ತಿಂಗಳ ಮೊದಲು, ಜನವರಿ 5ರಂದು, ಅದೇ ಡೋಮ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ಫಾರ್ಚ್ಯೂನ್‌ಜೈಂಟ್ಸ್ ತಂಡವನ್ನು 38-33ರಿಂದ ಸೋಲಿಸಿ ಮೊದಲ ಬಾರಿ ಪ್ರೊ ಕಬಡ್ಡಿ ಗೆದ್ದಿತು. ಮಧ್ಯಂತರದ ವೇಳೆಗೆ ಗುಜರಾತ್ ಸ್ಪಷ್ಟ ಮುನ್ನಡೆಯಲ್ಲಿತ್ತು. ಅಲ್ಲಿಂದ ಪಂದ್ಯವನ್ನು ತಿರುಗಿಸಿದವರು ಪವನ್ ಸೆಹ್ರಾವತ್. ಬುಲ್ಸ್‌ನ 38ರಲ್ಲಿ 22 ಅಂಕ ಅವರವೇ. ಒಬ್ಬನ ಅಂಕಿಯೂ ತಂಡದ ಗೆಲುವೂ ಒಂದೇ ಎಂದು ಹೇಳಬಹುದಾದ ರಾತ್ರಿ ಇದ್ದರೆ ಅದು ಅಂದಿನದು.

ಅದೇ ಪವನ್ ಅವರ ಮುಂದಿನ ವರ್ಷಗಳು ಇಡೀ ಪ್ರಶ್ನೆಯನ್ನು ಬಿಚ್ಚಿ ತೋರಿಸುತ್ತವೆ. ಏಳನೇ ಆವೃತ್ತಿಯಲ್ಲಿ ಅವರು 346 ರೈಡ್ ಅಂಕ ಗಳಿಸಿದರು. 2019ರ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39. ಬುಲ್ಸ್ ಸೆಮಿಫೈನಲ್‌ನಲ್ಲಿ ದಬಾಂಗ್ ಡೆಲ್ಲಿಗೆ ಸೋತಿತು. ಎಂಟನೇ ಆವೃತ್ತಿಯಲ್ಲಿ 304 ಅಂಕಗಳೊಂದಿಗೆ ಮತ್ತೆ ಅಗ್ರ ರೈಡರ್ ಆದರು. ತಂಡ ಮತ್ತೆ ಸೆಮಿಫೈನಲ್‌ನಲ್ಲಿ ನಿಂತಿತು. 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ಅವರನ್ನು ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಆವೃತ್ತಿಯಿಂದ ಹೊರಗುಳಿದರು. ಅವರಿಲ್ಲದ ತಲೈವಾಸ್ ತನ್ನ ಇತಿಹಾಸದಲ್ಲೇ ಮೊದಲ ಬಾರಿ ಸೆಮಿಫೈನಲ್ ತಲುಪಿತು. ನರೇಂದರ್ ಎಂಬ ಹೊಸ ಹುಡುಗ ತಂಡದ ರೈಡಿಂಗ್ ಹೊತ್ತ. ಅದರ ಮರುವರ್ಷ ಟೈಟಾನ್ಸ್‌ನಲ್ಲಿ 202 ಅಂಕ, ಕೊನೆಯ ಸ್ಥಾನ.

ಇದರಿಂದ ಪವನ್ ತಂಡಕ್ಕೆ ಭಾರ ಎಂಬ ತೀರ್ಮಾನಕ್ಕೆ ಬರುವುದು ದೊಡ್ಡ ಅನ್ಯಾಯ. ಗಾಯಗೊಳ್ಳದಿದ್ದರೆ ತಲೈವಾಸ್ ಪ್ರಶಸ್ತಿಯನ್ನೇ ಗೆಲ್ಲುತ್ತಿತ್ತೋ ಏನೋ. ಆದರೆ ಒಂದು ಮಾತು ಸ್ಪಷ್ಟ: ರೈಡ್ ಅಂಕಗಳ ಮೊತ್ತ ನೋಡಿ ತಂಡದ ಸ್ಥಾನವನ್ನು ಊಹಿಸಲಾಗದು. ಐದರಿಂದ ಹನ್ನೊಂದನೆಯವರೆಗಿನ ಏಳು ಆವೃತ್ತಿಗಳನ್ನು ನೋಡಿ. ಅತಿ ಹೆಚ್ಚು ರೈಡ್ ಅಂಕ ಗಳಿಸಿದವನ ತಂಡವೇ ಚಾಂಪಿಯನ್ ಆದದ್ದು ಮೂರು ಬಾರಿ: 2017ರಲ್ಲಿ 369 ಅಂಕಗಳ ಪರ್ದೀಪ್ ನರ್ವಾಲ್ ಅವರ ಪಟ್ನಾ ಪೈರೇಟ್ಸ್, ಆರನೇ ಆವೃತ್ತಿಯಲ್ಲಿ ಪವನ್ ಅವರ ಬುಲ್ಸ್, 2022ರಲ್ಲಿ 296 ಅಂಕಗಳ ಅರ್ಜುನ್ ದೇಶ್ವಾಲ್ ಅವರ ಜೈಪುರ ಪಿಂಕ್ ಪ್ಯಾಂಥರ್ಸ್. ಉಳಿದ ನಾಲ್ಕು ಬಾರಿ ಕಪ್ ಬೇರೆಯವರ ಪಾಲಾಯಿತು. 2024ರಲ್ಲಿ ದೇವಾಂಕ್ ದಲಾಲ್ 301 ಅಂಕ ಗಳಿಸಿ ಪಟ್ನಾವನ್ನು ಫೈನಲ್‌ಗೆ ಒಯ್ದರು. ಫೈನಲ್‌ನಲ್ಲಿ ಹರಿಯಾಣದ ರಕ್ಷಣೆ ಅವರನ್ನು ಕಟ್ಟಿಹಾಕಿ 32-23ರಿಂದ ಗೆದ್ದಿತು. ಆ ಮೂರು ಬಾರಿಯ ಹೊಂದಿಕೆಯಲ್ಲೂ ಸ್ವಲ್ಪ ಉಬ್ಬರವಿದೆ. ಫೈನಲ್ ತಲುಪಿದ ತಂಡ ಹೆಚ್ಚು ಪಂದ್ಯ ಆಡುತ್ತದೆ, ಅದರ ರೈಡರ್‌ನ ಮೊತ್ತವೂ ಅಷ್ಟರಮಟ್ಟಿಗೆ ಬೆಳೆಯುತ್ತದೆ.

ಹೀಗೇಕೆ? ಕಾರಣ ಆಟದ ನಿಯಮಗಳಲ್ಲೇ ಇದೆ.

ಮೊದಲನೆಯದು, ರೈಡರ್ ಹಿಡಿಸಿಕೊಂಡಾಗ ಆಗುವ ನಷ್ಟ ಅವನ ಮೊತ್ತದಿಂದ ಕಳೆಯುವುದಿಲ್ಲ. ಅವನು ಔಟ್ ಆದರೆ ಎದುರಾಳಿಗೆ ಒಂದು ಅಂಕ, ಹೊರಗೆ ಕುಳಿತ ಒಬ್ಬ ಒಳಕ್ಕೆ, ತನ್ನ ತಂಡಕ್ಕೆ ಒಬ್ಬನ ಕೊರತೆ. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಒಬ್ಬ 20 ರೈಡ್‌ಗಳಲ್ಲಿ 10 ಅಂಕ ತಂದು ಆರು ಬಾರಿ ಹಿಡಿಸಿಕೊಂಡ. ಇನ್ನೊಬ್ಬ 12 ರೈಡ್‌ಗಳಲ್ಲಿ 7 ಅಂಕ ತಂದು ಒಮ್ಮೆ ಮಾತ್ರ ಹಿಡಿಸಿಕೊಂಡ. ಟಿವಿ ಪರದೆಯಲ್ಲಿ ಮೊದಲನೆಯವನಿಗೆ ‘ಸೂಪರ್ ಟೆನ್’ ಗೌರವ. ತಂಡಕ್ಕೆ ಉಳಿದ ನಿವ್ವಳ ಲಾಭ ಮೊದಲನೆಯವನಿಂದ ನಾಲ್ಕು, ಎರಡನೆಯವನಿಂದ ಆರು.

ಎರಡನೆಯದು, ಎಲ್ಲ ಅಂಕಗಳಿಗೂ ಒಂದೇ ಬೆಲೆಯಿಲ್ಲ. ಡಿಫೆಂಡರನ್ನು ಮುಟ್ಟಿ ಬಂದರೆ ಒಂದು ಅಂಕದ ಜೊತೆಗೆ ಅವನು ಹೊರಗೆ, ನಮ್ಮವನೊಬ್ಬ ಒಳಗೆ. ಬೋನಸ್ ಗೆರೆ ದಾಟಿ ಬಂದರೆ ಅಂಕ ಬರುತ್ತದೆ, ಆದರೆ ಯಾರೂ ಹೊರಹೋಗುವುದಿಲ್ಲ, ಯಾರೂ ಒಳಬರುವುದಿಲ್ಲ. ಎರಡೂ ರೈಡರ್‌ನ ಖಾತೆಯಲ್ಲಿ ಒಂದೊಂದೇ. ಎದುರಾಳಿಯನ್ನು ಆಲ್‌ಔಟ್ ಮಾಡಿದಾಗ ಬರುವ ಎರಡು ಹೆಚ್ಚುವರಿ ಅಂಕಗಳಂತೂ ಯಾರೊಬ್ಬನ ಖಾತೆಗೂ ಸೇರುವುದಿಲ್ಲ. ಬಿಗಿ ಪಂದ್ಯಗಳನ್ನು ತೀರ್ಮಾನಿಸುವುದು ಅನೇಕ ಸಲ ಅವೇ.

ಮೂರನೆಯದು, ಔಟಾದವರು ಮರಳುವುದು ಹೊರಹೋದ ಸರದಿಯಲ್ಲೇ. ಮುಖ್ಯ ರೈಡರ್ ಬೇಕೆಂದು ಅವನನ್ನೇ ಮೊದಲು ಕರೆಸಿಕೊಳ್ಳಲಾಗದು. ಅವನು ಮ್ಯಾಟ್‌ಗೆ ಮರಳಬೇಕಾದರೆ ಉಳಿದವರು ಹಿಡಿಯಬೇಕು, ಮುಟ್ಟಬೇಕು. ಅವನ 22 ಅಂಕಗಳ ಹಿಂದೆ ಅವನನ್ನು ಮತ್ತೆ ಮತ್ತೆ ಒಳಕ್ಕೆ ತಂದ ಜೊತೆಗಾರರ ಕೆಲಸವಿದೆ. ಮುಂಬಯಿಯ ಉಡುಪಿ ಹೋಟೆಲುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ದಿನದ ವ್ಯಾಪಾರದ ಹಣವೆಲ್ಲ ಬಂದು ಸೇರುವುದು ಗಲ್ಲೆಯಲ್ಲಿ ಕುಳಿತವನ ಕೈಗೆ. ಆದರೆ ಅಡುಗೆ ಭಟ್ಟರನ್ನೂ ಸಪ್ಲೈಯರನ್ನೂ ಬಿಟ್ಟು ಅದನ್ನು ಅವನೊಬ್ಬನ ಸಂಪಾದನೆ ಎನ್ನುವವರು ಯಾರೂ ಇಲ್ಲ.

ನಾಲ್ಕನೆಯದು ಖಾಲಿ ರೈಡ್. ಎರಡು ರೈಡ್ ಸತತವಾಗಿ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಔಟ್. ಎರಡು ಅಂಕ ಮುಂದಿರುವಾಗ, ಕೊನೆಯ ನಿಮಿಷಗಳಲ್ಲಿ, 30 ಸೆಕೆಂಡ್ ಪೂರ್ತಿ ಕಳೆದು ಸುರಕ್ಷಿತವಾಗಿ ಮರಳಿ ಬರುವವನು ಗೆಲುವನ್ನು ಕಾಯುತ್ತಾನೆ. ಅವನ ಖಾತೆಗೆ ಬರುವುದು ಸೊನ್ನೆ. ಯು ಮುಂಬಾದ ನಾಯಕ ಅನೂಪ್ ಕುಮಾರ್ ಈ ಕಲೆಯಲ್ಲಿ ಹೆಸರಾದವರು. 2014ರ ಮೊದಲ ಆವೃತ್ತಿಯಲ್ಲಿ 155 ರೈಡ್ ಅಂಕಗಳೊಂದಿಗೆ ಅವರೇ ಅಗ್ರಸ್ಥಾನದಲ್ಲಿದ್ದರು, ಫೈನಲ್‌ನಲ್ಲಿ ಜೈಪುರ ಗೆದ್ದಿತು. 2015ರಲ್ಲಿ ಅಗ್ರಸ್ಥಾನ ದಬಾಂಗ್ ಡೆಲ್ಲಿಯ ಕಾಶಿಲಿಂಗ್ ಅಡಕೆ ಪಾಲಾಯಿತು. ಆ ವರ್ಷ ಅನೂಪ್ ಮುಂಬಯಿಯಲ್ಲೇ ಬೆಂಗಳೂರು ಬುಲ್ಸ್ ವಿರುದ್ಧ 36-30ರಿಂದ ಗೆದ್ದು ಕಪ್ ಎತ್ತಿದರು.

ಹಿಡಿತಗಾರರ ಲೆಕ್ಕ ಇನ್ನೂ ಬಡವಾಗಿದೆ. ಕಾರ್ನರ್‌ನವನು ಕಾಲು ಹಿಡಿಯುತ್ತಾನೆ, ಕವರ್‌ನವನು ದಾರಿಗೆ ಅಡ್ಡ ಬಂದು ದಬ್ಬುತ್ತಾನೆ, ಮೂರನೆಯವನು ಮೈಮೇಲೆ ಬಿದ್ದು ಗೆರೆ ಮುಟ್ಟದಂತೆ ನೋಡಿಕೊಳ್ಳುತ್ತಾನೆ. ಟ್ಯಾಕಲ್ ಅಂಕ ಮಾತ್ರ ಒಬ್ಬನ ಹೆಸರಿಗೆ. ರೈಡರ್ ತನ್ನ ಕಡೆಗೆ ಬರಲೇ ಅಂಜುವಂತೆ ನಿಂತ ಕಾರ್ನರ್ ಆಟಗಾರನಿಗೆ ಆ ಅಂಜಿಕೆಗಾಗಿ ಅಂಕವೇ ಇಲ್ಲ. ಬಿಲ್ ರಸೆಲ್‌ಗೆ ಆದದ್ದೇ ಇವರಿಗೂ ಆಗುತ್ತಿದೆ.

ಒಬ್ಬ ಕನ್ನಡಿಗ ತರಬೇತುದಾರನ ಎರಡು ಕಪ್

ಗೆಲುವು ಹೇಗೆ ಕಟ್ಟಲ್ಪಡುತ್ತದೆ ಎಂದು ಕೇಳುವವರು ಕರ್ನಾಟಕದ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್ ಅವರ ತಂಡಗಳನ್ನು ಅಭ್ಯಾಸ ಮಾಡಬೇಕು. 2019ರಲ್ಲಿ ಅವರ ತರಬೇತಿಯ ಬೆಂಗಾಲ್ ವಾರಿಯರ್ಸ್ ಚಾಂಪಿಯನ್ ಆಯಿತು. ಫೈನಲ್‌ಗೆ ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯದಿಂದ ಇರಲೇ ಇಲ್ಲ. ಎದುರಿಗಿದ್ದ ದಬಾಂಗ್ ಡೆಲ್ಲಿಯ ನವೀನ್ ಕುಮಾರ್ ಒಬ್ಬರೇ 18 ಅಂಕ ತಂದರು. ಬೆಂಗಾಲ್ ಪರ ಇರಾನಿನ ನಬಿಬಕ್ಷ್ ಮುಂದಾಳುತನ ವಹಿಸಿದರು, ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ ಹೆಗಲು ಕೊಟ್ಟರು, ರಕ್ಷಣೆ ಉಳಿದದ್ದನ್ನು ನೋಡಿಕೊಂಡಿತು. ಫಲಿತಾಂಶ 39-34. ಪಂದ್ಯದ ಅತಿ ದೊಡ್ಡ ಅಂಕಿ ಸೋತ ತಂಡದಲ್ಲಿತ್ತು.

ಐದು ವರ್ಷಗಳ ಬಳಿಕ ಪುಣೇರಿ ಪಲ್ಟನ್ ಗೆದ್ದಾಗಲೂ ತರಬೇತುದಾರ ರಮೇಶ್ ಅವರೇ. ಆ ಆವೃತ್ತಿಯ ರೈಡ್ ಅಂಕಗಳ ಮೊದಲ ಐದು ಹೆಸರುಗಳಲ್ಲಿ ಪುಣೇರಿಯ ಒಬ್ಬನೂ ಇರಲಿಲ್ಲ. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಮುಂತಾದವರು ಹೊರೆಯನ್ನು ಹಂಚಿಕೊಂಡರು. ಒಬ್ಬ ಔಟಾದರೆ ಇನ್ನೊಬ್ಬ ಸಿದ್ಧ. ಹಿಂದೆ 99 ಟ್ಯಾಕಲ್ ಅಂಕಗಳ ಶಾದ್ಲೂಯಿ. ಮರುವರ್ಷ ಶಾದ್ಲೂಯಿ ಹರಿಯಾಣ ಸ್ಟೀಲರ್ಸ್ ಸೇರಿದರು, ಹರಿಯಾಣವೂ ಚಾಂಪಿಯನ್ ಆಯಿತು. ಹಾಗಾದರೆ ಹಿಡಿತಗಾರನೇ ಗೆಲುವಿನ ಗುಟ್ಟು ಎನ್ನೋಣವೇ? ಆತುರ ಬೇಡ. ಪುಣೇರಿ ಶಾದ್ಲೂಯಿ ಬರುವ ಮೊದಲೇ ಫೈನಲ್ ಆಡಿದ್ದ ತಂಡ, ಹರಿಯಾಣವೂ ಹಾಗೆಯೇ. 2025ರಲ್ಲಿ ಅವರು ಗುಜರಾತ್ ಜೈಂಟ್ಸ್ ಸೇರಿದಾಗ ಆ ತಂಡ ಮೊದಲ ಎಂಟರೊಳಗೆ ಬರಲಿಲ್ಲ. ರೈಡರ್‌ಗೆ ಅನ್ವಯಿಸುವ ಎಚ್ಚರಿಕೆಯೇ ಡಿಫೆಂಡರ್‌ಗೂ ಅನ್ವಯಿಸುತ್ತದೆ. ಕಟ್ಟಿದ ಮನೆಗೆ ಬಂದ ಸಮರ್ಥ ಅದನ್ನು ಎತ್ತರಿಸುತ್ತಾನೆ. ಅಡಿಪಾಯವಿಲ್ಲದ ಕಡೆ ಅವನೂ ಒಂಟಿಯಾಗುತ್ತಾನೆ.

ಮುಂಬಯಿಯಲ್ಲೇ ಆಡಿ ಬೆಳೆದ ರಿಶಾಂಕ್ ದೇವಾಡಿಗ ಅವರನ್ನು ನಾವಿಲ್ಲಿ ಮನೆಮಗನಂತೆ ಕಾಣುತ್ತೇವೆ. 2017ರಲ್ಲಿ ಯುಪಿ ಯೋಧಾ ಪರ ಒಂದೇ ಪಂದ್ಯದಲ್ಲಿ ಅವರು ತಂದ 28 ರೈಡ್ ಅಂಕ ಆಗಿನ ದಾಖಲೆ. ಅದನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಅದರ ಬೆನ್ನಿಗೇ, 2018ರ ಜನವರಿಯಲ್ಲಿ, ಹೈದರಾಬಾದಿನ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಅವರು ನಾಯಕರಾಗಿದ್ದ ಮಹಾರಾಷ್ಟ್ರ ತಂಡ ಬಲಾಢ್ಯ ಸರ್ವಿಸಸ್ ತಂಡವನ್ನು 34-29ರಿಂದ ಸೋಲಿಸಿತು. ಎರಡರಲ್ಲಿ ಎರಡನೆಯದೇ ದೊಡ್ಡ ಸಾಧನೆ ಎಂಬುದು ನನ್ನ ದೃಢ ಅಭಿಪ್ರಾಯ.

ಕ್ರಿಕೆಟ್ ಏಕೆ ಭಿನ್ನ

ಕ್ರಿಕೆಟ್‌ನಲ್ಲಿ ಒಬ್ಬನ ಪಾಲನ್ನು ಬೇರ್ಪಡಿಸುವುದು ಇಷ್ಟು ಕಷ್ಟವಲ್ಲ. ಅಲ್ಲಿ ಪ್ರತಿ ಎಸೆತವೂ ಬಹುಮಟ್ಟಿಗೆ ಒಬ್ಬ ಬೌಲರ್ ಮತ್ತು ಒಬ್ಬ ಬ್ಯಾಟರ್ ನಡುವಿನ ಹೋರಾಟ. ಆದರೂ ಅಂಕಿ ಮತ್ತು ಗೆಲುವು ಬೇರೆ ಬೇರೆ ದಾರಿ ಹಿಡಿದದ್ದುಂಟು. ಅದಕ್ಕೆ ಕರುಣ್ ನಾಯರ್ ಸಾಕ್ಷಿ. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ವಿದರ್ಭ ಪರ ಅವರು ಫೈನಲ್‌ಗೆ ಬಂದಾಗ ಅವರ ಸರಾಸರಿ 752. ಐದು ಶತಕ, ಒಮ್ಮೆ ಮಾತ್ರ ಔಟ್. 2025ರ ಜನವರಿ 18ರಂದು ವಡೋದರದಲ್ಲಿ ಎದುರಿಗಿದ್ದದ್ದು ಅವರ ಹಳೆಯ ತಂಡ ಕರ್ನಾಟಕ. ಆರ್. ಸ್ಮರಣ್ ಶತಕದ ನೆರವಿನಿಂದ ಕರ್ನಾಟಕ 348 ರನ್ ಮಾಡಿತು, ಕರುಣ್ 27ಕ್ಕೆ ಔಟಾದರು, ಕರ್ನಾಟಕ 36 ರನ್‌ಗಳಿಂದ ಗೆದ್ದಿತು. ಟೂರ್ನಿಯ ಅತಿ ದೊಡ್ಡ ಅಂಕಿ ಒಂದು ಕಡೆ, ಕಪ್ ಇನ್ನೊಂದು ಕಡೆ.

ಅದಕ್ಕೂ ಹತ್ತು ವರ್ಷ ಹಿಂದಿನ ವಾಂಖೆಡೆಯ ಪಂದ್ಯವನ್ನೂ ನೆನೆಯೋಣ. 2015ರ ಮಾರ್ಚ್‌ನ ರಣಜಿ ಫೈನಲ್‌ನಲ್ಲಿ ಇದೇ ಕರುಣ್ ಕರ್ನಾಟಕಕ್ಕಾಗಿ 328 ರನ್ ಹೊಡೆದರು. ತಮಿಳುನಾಡು ಇನ್ನಿಂಗ್ಸ್ ಮತ್ತು 217 ರನ್‌ಗಳಿಂದ ಸೋತಿತು. ತ್ರಿಶತಕವೇ ಎಲ್ಲರ ನೆನಪು. ಆದರೆ ಮೊದಲ ದಿನವೇ ಆರ್. ವಿನಯ್ ಕುಮಾರ್ 34 ರನ್‌ಗೆ ಐದು ವಿಕೆಟ್ ಕಿತ್ತು ತಮಿಳುನಾಡನ್ನು 134ಕ್ಕೆ ಇಳಿಸಿದ್ದರು. ಕರ್ನಾಟಕವೂ 84 ರನ್‌ಗೆ ಐದು ವಿಕೆಟ್ ಕಳೆದುಕೊಂಡು ತತ್ತರಿಸಿದಾಗ ಕರುಣ್ ಮತ್ತು ಕೆ.ಎಲ್. ರಾಹುಲ್ ನಿಂತು ಆಡಿದರು. ಪಂದ್ಯಕ್ಕೆ ತಿರುವು ಕೊಟ್ಟದ್ದು ವಿನಯ್ ಅವರ ಐದು ವಿಕೆಟ್ ಮತ್ತು ಆ ಕಷ್ಟದ ಗಂಟೆಗಳ ರನ್‌ಗಳು. 500 ದಾಟಿದ ಮೇಲೆ ಬಂದ ರನ್‌ಗಳಿಗೂ ಪಟ್ಟಿಯಲ್ಲಿ ಅಷ್ಟೇ ಬೆಲೆ, ಪಂದ್ಯದಲ್ಲಿ ಅಲ್ಲ.

ಒಟ್ಟು ತೀರ್ಮಾನ

ಇಷ್ಟೂ ಸಾಕ್ಷಿಗಳನ್ನು ಕೂಡಿಸಿದರೆ ನಾಲ್ಕು ಮಾತುಗಳು ನಿಲ್ಲುತ್ತವೆ.

ವೈಯಕ್ತಿಕ ಅಂಕಿ ಒಬ್ಬನಿಗೆ ಒಂದು ಕೆಲಸ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದನ್ನು ನಿಜವಾಗಿಯೇ ಹೇಳುತ್ತದೆ. ಪವನ್ ದೊಡ್ಡ ರೈಡರ್, ವೆಸ್ಟ್‌ಬ್ರೂಕ್ ದೊಡ್ಡ ಆಟಗಾರ, ಅದರಲ್ಲಿ ಅನುಮಾನವಿಲ್ಲ. ಗೆಲುವಿನಲ್ಲಿ ಅವನ ಪಾಲು ಎಷ್ಟು ಎಂಬುದನ್ನು ಮಾತ್ರ ಆ ಅಂಕಿ ಒಂಟಿಯಾಗಿ ಹೇಳಲಾರದು.

ಒಬ್ಬನ ಆಟ ಇನ್ನೊಬ್ಬನ ಆಟಕ್ಕೆ ಎಷ್ಟು ಹೆಣೆದುಕೊಂಡಿದೆಯೋ ಅಷ್ಟರಮಟ್ಟಿಗೆ ಅಂಕಿ ಮಸುಕಾಗುತ್ತದೆ. ಕ್ರಿಕೆಟ್‌ನಲ್ಲಿ ಕಡಿಮೆ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಚ್ಚು, ಕಬಡ್ಡಿಯಲ್ಲಿ ಇನ್ನೂ ಹೆಚ್ಚು. ಏಕೆಂದರೆ ಕಬಡ್ಡಿಯಲ್ಲಿ ಒಬ್ಬನ ತಪ್ಪಿನಿಂದ ಎದುರಾಳಿಗೆ ಅಂಕ ಹೋಗುವುದಷ್ಟೇ ಅಲ್ಲ, ಅಂಗಳದಲ್ಲಿರುವವರ ಸಂಖ್ಯೆಯೇ ಬದಲಾಗುತ್ತದೆ.

ಮೊತ್ತಕ್ಕಿಂತ ದರ, ದರಕ್ಕಿಂತ ನಿವ್ವಳ ಲಾಭ, ಅದಕ್ಕಿಂತ ಅವನು ಅಂಗಳದಲ್ಲಿದ್ದಾಗ ತಂಡಕ್ಕಾದ ಏರಿಳಿತ ಹೆಚ್ಚು ವಿಶ್ವಾಸಾರ್ಹ. ಕಬಡ್ಡಿಗೆ ಇಲ್ಲೊಂದು ವರವಿದೆ. ಮುಖ್ಯ ರೈಡರ್ ಪ್ರತಿ ಪಂದ್ಯದಲ್ಲೂ ಕೆಲವು ಬಾರಿ ಹೊರಗೆ ಕೂರಲೇಬೇಕು. ಅವನಿಲ್ಲದ ಆ ಕೆಲವು ನಿಮಿಷಗಳಲ್ಲಿ ತಂಡ ಏನು ಮಾಡಿತು ಎಂದು ಬರೆದಿಟ್ಟರೆ ಬ್ಯಾಸ್ಕೆಟ್‌ಬಾಲ್‌ನವರ ಪ್ಲಸ್-ಮೈನಸ್ ನಮ್ಮ ಕೈಗೂ ಬರುತ್ತದೆ. ಒಂದು ಪಂದ್ಯದಲ್ಲಿ ಎರಡೂ ತಂಡಗಳ ರೈಡ್‌ಗಳು ಸೇರಿ 80ರ ಆಸುಪಾಸು ಇರುತ್ತವೆ, ಬರೆದಿಡುವುದು ಅಸಾಧ್ಯವೇನಲ್ಲ. ಒಂದೆರಡು ಪಂದ್ಯದಿಂದ ತೀರ್ಪು ಕೊಡಬಾರದು, ಅಷ್ಟೆ.

ಕೊನೆಯದಾಗಿ, ದುರ್ಬಲ ತಂಡದಲ್ಲಿ ಹೊರೆಯೆಲ್ಲ ಒಬ್ಬನ ಮೇಲೆ ಬಿದ್ದಾಗ ಅವನ ದರ ಕುಸಿಯುತ್ತದೆ. ಅದನ್ನು ಅವನ ಅಸಾಮರ್ಥ್ಯ ಎನ್ನುವುದೂ ತಪ್ಪು. ಹೊಗಳಿಕೆಗೆ ಅಂಕಿಯೊಂದೇ ಸಾಲದು ಎಂದ ಮೇಲೆ ತೆಗಳಿಕೆಗೂ ಅದೊಂದೇ ಸಾಲದು.

ಈ ಚರ್ಚೆ ಕೋಟಿಗಳ ಹರಾಜಿಗೆ ಸೀಮಿತವಲ್ಲ. ಮುಂಬಯಿಯ ತುಳು-ಕನ್ನಡ ಸಂಘಟನೆಗಳು ವರ್ಷಂಪ್ರತಿ ಕ್ರೀಡಾಕೂಟ ನಡೆಸುತ್ತವೆ. ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟಕ್ಕೆ ಉಪನಗರಗಳ ಮೈದಾನಗಳು ತುಂಬುತ್ತವೆ. ಕೊನೆಯಲ್ಲಿ ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ ಎಂದು ಟ್ರೋಫಿ ಕೊಡುತ್ತಾರೆ. ಅಂಗಳದ ಬದಿಯಲ್ಲಿ ನಿಂತ ಹುಡುಗರು ಯಾವುದಕ್ಕೆ ಚಪ್ಪಾಳೆ ಬೀಳುತ್ತದೆ ಎಂದು ನೋಡಿಯೇ ಯಾವುದನ್ನು ಕಲಿಯಬೇಕೆಂದು ತೀರ್ಮಾನಿಸುತ್ತಾರೆ. ದಾಳಿಗಾರನಿಗೆ ಮಾತ್ರ ಚಪ್ಪಾಳೆ ಬಿದ್ದರೆ ಎಲ್ಲರೂ ದಾಳಿಗಾರರೇ ಆಗಬಯಸುತ್ತಾರೆ. ಸಂಕಲೆ ಕಟ್ಟಿ ನಿಲ್ಲುವವರು, ಸಮಯ ಕಾಯುವವರು, ಜೊತೆಗಾರನಿಗಾಗಿ ಮೈಯೊಡ್ಡುವವರು ಕಡಿಮೆಯಾಗುತ್ತಾರೆ.

ಆದ್ದರಿಂದ ಕೂಟ ನಡೆಸುವ ಸಂಘಗಳಲ್ಲಿ ನನ್ನ ವಿನಂತಿ ಇಷ್ಟೇ. ಸ್ಕೋರ್ ಶೀಟಿಗೆ ಮೂರು ಕಾಲಂ ಸೇರಿಸಿ: ರೈಡರ್ ಎಷ್ಟು ಬಾರಿ ಹಿಡಿಸಿಕೊಂಡ, ಎಷ್ಟು ಬಾರಿ ಬೇಕೆಂದೇ ಖಾಲಿ ಮರಳಿದ, ಪ್ರತಿ ಹಿಡಿತದಲ್ಲಿ ಜೊತೆ ನೀಡಿದವರು ಯಾರು. ಬರೆಯಲು ಒಬ್ಬ ಹುಡುಗ, ಒಂದು ಪೆನ್ನು ಸಾಕು. ದಾಳಿಗಾರನ ಪ್ರಶಸ್ತಿಯನ್ನು ಒಟ್ಟು ಅಂಕಕ್ಕೆ ಕೊಡದೆ ನಿವ್ವಳ ಅಂಕಕ್ಕೆ ಕೊಡಿ. ಜೊತೆ ಹಿಡಿತಕ್ಕೂ ಒಂದು ಟ್ರೋಫಿ ಇಡಿ. ಪತ್ರಿಕೆಗಳಿಗೆ ವರದಿ ಕಳಿಸುವವರು ಗೆದ್ದ ತಂಡದ ಎಲ್ಲ ಏಳು ಹೆಸರುಗಳನ್ನೂ ಬರೆಯಿರಿ. ಗೆಲುವು ಆ ಏಳೂ ಜನರದು. ನಮ್ಮ ಲೆಕ್ಕವೂ ಅದನ್ನೇ ಹೇಳಬೇಕು.